ಅಕಾರ್ಡಿಯನ್ ತಾತನ ಬಲಗೈ

ನಾನು ಬಾಯಿಬಡುಕಿ. ನನ್ನ ಅತ್ತೆಯಿಂದ ಹಿಡಿದು ಓಕ್ಲ್ಯಾಂಡಿನ ಆಸ್ಪತ್ರೆಯಲ್ಲಿ ನನ್ನ ಜೊತೆ ಕೆಲಸ ಮಾಡಿದವರ ತನಕ ಎಲ್ಲರೂ ಈ ಮಾತನ್ನು ಹೇಳಿದ್ದಾರೆ, ನಾನೂ ಒಪ್ಪಿಕೊಂಡಿದ್ದೇನೆ. ಗ್ರೋಸರಿ ಅಂಗಡಿಯಲ್ಲಿ ಯಾರದೋ ಕೂಸಿನ ಕಾಲುಚೀಲ ಜಾರಿದ್ದರೂ ಅದರ ತಾಯಿಯನ್ನು ಕರೆದು ಹೇಳದೆ ಮುಂದೆ ಹೋದವಳಲ್ಲ. ಅಂಥವಳು ಜೀವನದಲ್ಲಿ ಒಂದು ಸಲ, ಹತ್ತು ತಿಂಗಳು, ಬಾಯಿಗೆ ಬೀಗ ಹಾಕಿಕೊಂಡಿದ್ದೆ. ಮಾತಾಡಲೇಬೇಕಾದ ವಿಷಯ ಅದೊಂದೇ ಆಗಿತ್ತು.

ಮದುವೆಯಾಗಿ ಮೈಸೂರಿನಿಂದ ಅಮೆರಿಕಕ್ಕೆ ಬಂದ ಎರಡನೇ ವರ್ಷ ನನಗೆ ಆ ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಸಿಕ್ಕಿತು. ಎಂಬತ್ತರ ದಶಕದ ನಡುವಿನ ವರ್ಷಗಳು. ರಕ್ತ ತೆಗೆಯುವುದು, ಪರೀಕ್ಷೆ ಮಾಡುವುದು, ಚೀಟಿ ಅಂಟಿಸುವುದು, ಇಷ್ಟೇ. ನಮ್ಮ ಯಜಮಾನರು ಬೆಳಿಗ್ಗೆ ಆರೂವರೆಗೆ ಕಾರು ಹತ್ತಿ ಸೇತುವೆ ದಾಟಿ ಸ್ಯಾನ್ ಮಟಿಯೋದ ಆಫೀಸಿಗೆ ಹೋದರೆ ಮತ್ತೆ ಮುಖ ತೋರಿಸುವುದು ಸಂಜೆಗೆ. ಆಸ್ಪತ್ರೆಯ ಕ್ಯಾಂಟೀನಿನಲ್ಲಿ ನಾನು ಡಬ್ಬಿ ತೆರೆದ ಮೊದಲ ದಿನವೇ ಪಕ್ಕದ ಟೇಬಲ್ಲಿನ ನರ್ಸು ಮೂಗು ಮುಚ್ಚಿಕೊಂಡಳು. ಮೊಸರನ್ನಕ್ಕೆ ಇಂಗಿನ ಒಗ್ಗರಣೆ ಹಾಕಿದ್ದೆ, ಮತ್ತೇನು ಹಾಕಬೇಕಿತ್ತು? ಜಗಳ ಕಾಯಲು ಬಾಯಿ ತುರಿಸಿತು. ಆದರೆ ಹೊಸ ಕೆಲಸ. ಡಬ್ಬಿ ಎತ್ತಿಕೊಂಡು ನೆಲಮಾಳಿಗೆಗೆ ಇಳಿದೆ. ಅಲ್ಲಿ ಬಾಯ್ಲರ್ ಕೋಣೆಯ ಹೊರಗೆ ಒಂದು ಬೆಂಚಿತ್ತು, ಅಲ್ಲೇ ಕೂತು ತಿನ್ನತೊಡಗಿದೆ.

ಮೂರನೇ ದಿನವೋ ನಾಲ್ಕನೇ ದಿನವೋ ಬಾಗಿಲ ಹಿಂದಿನಿಂದ ಅಕಾರ್ಡಿಯನ್ ಕೇಳಿಸಿತು. ನಮ್ಮ ಹಾರ್ಮೋನಿಯಂನ ದೊಡ್ಡಣ್ಣ ಅದು. ಎದೆಗೆ ಕಟ್ಟಿಕೊಳ್ಳುತ್ತಾರೆ. ಬಲಗೈಯ ಕಪ್ಪುಬಿಳಿ ಮನೆಗಳಲ್ಲಿ ಹಾಡು, ಎಡಗೈಯಲ್ಲಿ ಗಾಳಿ ಎಳೆದು ತಳ್ಳುತ್ತಾ ಗುಂಡಿಗಳನ್ನು ಒತ್ತಿ ಕೆಳಗಿನ ಸ್ವರಗಳು. ಒಂದೇ ಚಿಕ್ಕ ಮಟ್ಟು ತಿರುತಿರುಗಿ ಬರುತ್ತಿತ್ತು, ಓಡುವ ಕಾಲಿನ ಮಟ್ಟು. ನನ್ನ ಕಿವಿ ನೆಟ್ಟಗಾಯಿತು. ಬಾಗಿಲು ತಳ್ಳಿ ಒಳಗೆ ಹೋಗಿ, ನಮಸ್ಕಾರ ಇಲ್ಲ, ಏನಿಲ್ಲ, ಕೇಳಿಯೇಬಿಟ್ಟೆ.

"ಮೂರನೇ ಸಲ ಬಂದಾಗ ಒಂದು ಸ್ವರ ಬೇರೆ ಹಿಡಿದ್ರಿ. ಯಾವುದು ಸರಿ?"

ಅರವತ್ತು ದಾಟಿದ, ಕೆಂಪು ಮುಖದ, ದಪ್ಪ ಬೆರಳುಗಳ ಮನುಷ್ಯ. ಆಸ್ಪತ್ರೆಯ ಬಾಯ್ಲರ್ ನೋಡಿಕೊಳ್ಳುವ ಕೆಲಸ ಅವರದು. ಹುಟ್ಟಿದ್ದು ಸ್ಕಾಟ್‌ಲೆಂಡಿನಲ್ಲಿ. ಅವರ ಇಂಗ್ಲಿಷು ನನಗೆ ಪೂರ್ತಿ ಅರ್ಥವಾಗಲು ಆರು ತಿಂಗಳು ಹಿಡಿಯಿತು, ಆದ್ದರಿಂದ ಅವರ ಮಾತನ್ನೆಲ್ಲ ಇಲ್ಲಿ ನನ್ನ ಕನ್ನಡದಲ್ಲೇ ಬರೆಯುತ್ತೇನೆ.

"ನೀನ್ಯಾರಮ್ಮ?"

"ಲ್ಯಾಬು."

"ಲ್ಯಾಬಿನವರಿಗೆ ಕಿವಿ ಯಾಕೆ ಬೇಕು?"

"ಹದಿನಾಲ್ಕು ವರ್ಷ ಪಿಟೀಲು ಕಲಿತಿದ್ದೀನಿ. ಯಾವುದು ಸರಿ ಹೇಳಿ."

ಅವರು ಹೊಟ್ಟೆ ಕುಲುಕಿಸಿ ನಕ್ಕರು. ನಕ್ಕು, ಮೊದಲು ನುಡಿಸಿದ್ದೇ ಸರಿ, ಮೂರನೆಯದು ತಪ್ಪು ಎಂದು ಒಪ್ಪಿಕೊಂಡರು. ಆವತ್ತಿನಿಂದ ಅವರು ನನಗೆ ತಾತ. ಬಾಯಲ್ಲಿ ಸರ್ ಎನ್ನುತ್ತಿದ್ದೆ, ಮನಸ್ಸಿನಲ್ಲಿ ತಾತ.

ತಾತನದೊಂದು ಬ್ಯಾಂಡಿತ್ತು. ಅವರ ಕಡೆ ಕೇಲಿ ಎನ್ನುತ್ತಾರೆ, ಊರವರೆಲ್ಲ ಸೇರಿ ಗುಂಪುಗುಂಪಾಗಿ ಕುಣಿಯುವ ಕೂಟ. ಅದಕ್ಕೆ ಬಾರಿಸುವ ಬ್ಯಾಂಡು. ತಾತನ ಹೆಂಡತಿ, ನನ್ನ ಲೆಕ್ಕದಲ್ಲಿ ಅಜ್ಜಿ, ಪಿಯಾನೊ ನುಡಿಸುತ್ತಿದ್ದರು. ಬಂದರಿನಲ್ಲಿ ಕಂಟೇನರ್ ಇಳಿಸುವ ಒಬ್ಬ ಗಟ್ಟಿಮುಟ್ಟಾದ ಮನುಷ್ಯ ಡ್ರಮ್ಮು. ಪಿಟೀಲಿನವರು ಮಗಳ ಮನೆಗೆಂದು ಬೇರೆ ರಾಜ್ಯಕ್ಕೆ ಹೋಗಿಬಿಟ್ಟಿದ್ದರು. ಆ ಜಾಗ ಖಾಲಿ ಇತ್ತು, ನಾನು ಹೋಗಿ ಕೂತೆ.

ಕೂತೆ ಎಂದರೆ ನಿಜವಾಗಿಯೂ ಕೂತೆ. ಅವರದು ಪಿಟೀಲನ್ನು ಗದ್ದಕ್ಕೊತ್ತಿ ಕುರ್ಚಿಯ ಮೇಲೆ ಕೂತು ನುಡಿಸುವ ಕ್ರಮ. ನನ್ನದು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ, ಪಿಟೀಲಿನ ತಲೆಯನ್ನು ಬಲಪಾದಕ್ಕೆ ಊರಿ ನುಡಿಸುವ ಕ್ರಮ. ಅವರ ಹಾಗೆ ಎರಡು ವಾರ ಪ್ರಯತ್ನಿಸಿ ಕತ್ತು ಹಿಡಿದುಕೊಂಡು ಒದ್ದಾಡಿದ ಮೇಲೆ ಡ್ರಮ್ಮಿನವರು ನನಗಾಗಿ ಒಂದು ಗೇಣೆತ್ತರದ ಮಣೆ ಮಾಡಿಕೊಟ್ಟರು. ಹಸೆಮಣೆಯಷ್ಟೇ ಅಗಲ. ಅದನ್ನು ತಾತನ ಕುರ್ಚಿಯ ಬಲಗಡೆ, ಅವರ ಮೊಣಕಾಲಿಗೆ ತಾಗಿಸಿ ಇಟ್ಟರು. ಅಲ್ಲಿ ಕೂತರೆ ನನ್ನ ಕಣ್ಣಿಗೆ ನೇರವಾಗಿ ಕಾಣುವುದು ತಾತನ ಬಲಗೈ. ಡ್ರಮ್ಮಿನವರು ಹಿಂದೆ ಇರುತ್ತಿದ್ದರು. ಪಿಯಾನೊ ಗೋಡೆಗೆ ಒರಗಿದ್ದರಿಂದ ಅಜ್ಜಿಯ ಬೆನ್ನು ನಮ್ಮ ಕಡೆಗೆ. ಕುಣಿಯುವವರಂತೂ ಒಬ್ಬರನ್ನೊಬ್ಬರು ನೋಡಿಕೊಳ್ಳುತ್ತಾರೆಯೇ ಹೊರತು ಬ್ಯಾಂಡಿನ ಕಡೆ ತಿರುಗುವುದಿಲ್ಲ.

"ನಿಮಗೆ ಸರ್ ಕಾಣೋದೇ ಇಲ್ವಲ್ಲ, ಕಷ್ಟ ಆಗಲ್ವಾ?" ಎಂದು ಅಜ್ಜಿಯನ್ನು ಒಮ್ಮೆ ಕೇಳಿದ್ದೆ. ಅಜ್ಜಿ ತೆಳ್ಳಗೆ, ಬಿಗಿಯಾಗಿ, ಅಳೆದು ತೂಗಿ ಮಾತಾಡುವ ಹೆಂಗಸು.

"ಮೂವತ್ತು ವರ್ಷದಿಂದ ಗೋಡೆ ನೋಡ್ಕೊಂಡೇ ಇವರ ಜೊತೆ ನುಡಿಸಿದ್ದೀನಿ. ಇವರಿಗೆ ನೆಗಡಿಯಾದ್ರೂ ನನಗೆ ಕಿವಿಯಲ್ಲೇ ಗೊತ್ತಾಗುತ್ತೆ" ಎಂದರು.

ಓಕ್ಲ್ಯಾಂಡಿನ ಒಂದು ಚರ್ಚಿನ ಹಾಲಿನಲ್ಲಿ ತಿಂಗಳಿಗೊಂದು ಶನಿವಾರ ಮಧ್ಯಾಹ್ನ ಕುಣಿತ. ಬರುವವರಲ್ಲಿ ಅರ್ಧಕ್ಕರ್ಧ ವಯಸ್ಸಾದವರು, ಕತ್ತಲಾದ ಮೇಲೆ ಕಾರು ಓಡಿಸಲು ಅಂಜುವವರು. ಎಲ್ಲಕ್ಕಿಂತ ದೊಡ್ಡ ಕುಣಿತಕ್ಕೆ ಎಂಟು ಜನ ದುಂಡಗೆ ನಿಲ್ಲುತ್ತಾರೆ. ಸರದಿಯ ಪ್ರಕಾರ ಒಬ್ಬೊಬ್ಬರು ನಡುವೆ ಬಂದು ಕುಣಿಯುತ್ತಾರೆ, ಉಳಿದವರು ಕೈ ಕೈ ಹಿಡಿದು ಸುತ್ತ ತಿರುಗುತ್ತಾರೆ. ನಾವು ಎಂಟು ಸುತ್ತು ನುಡಿಸಿದರೆ ಎಂಟು ಜನರ ಸರದಿಯೂ ಮುಗಿಯುತ್ತದೆ. ಮಟ್ಟು ಬದಲಾಯಿಸುವ ಹೊತ್ತಿಗೆ ತಾತ "ಹಪ್!" ಎಂದು ಕೂಗುತ್ತಿದ್ದರು, ನಾವೆಲ್ಲ ಹೊಸದಕ್ಕೆ ಹಾರುತ್ತಿದ್ದೆವು. ಬ್ಯಾಂಡಿಗೆ ಒಂದೇ ನಿಯಮ. ನಡುವೆ ಒಬ್ಬರು ನಿಂತಿರುವಾಗ ವಾದ್ಯ ನಿಲ್ಲಕೂಡದು. ತಂತಿ ಹರಿಯಲಿ, ಕುರ್ಚಿ ಮುರಿಯಲಿ, ಎಂಟು ಎಂದರೆ ಎಂಟು. "ಏಳಕ್ಕೆ ನಿಲ್ಲಿಸಿದ್ರೆ ಎಂಟನೆಯವರು ತಿಂಗಳೆಲ್ಲ ಕಾದದ್ದು ಯಾತಕ್ಕೆ?" ಎನ್ನುತ್ತಿದ್ದರು ತಾತ.

ನಮ್ಮ ಜನಕ್ಕೆ ಇದು, ಅದರಲ್ಲೂ ಸ್ಕಾಟ್‌ಲೆಂಡಿನ ಗಂಡಸರು ಕುಣಿತಕ್ಕೆ ಉಡುವ ಚೌಕಳಿ ಲಂಗ, ತಮಾಷೆಯ ವಸ್ತುವಾಯಿತು. ಎವರ್‌ಗ್ರೀನ್ ಎಂಬ ಬಡಾವಣೆಯ ಒಬ್ಬ ಕನ್ನಡದವರ ಮನೆಗೆ ಹಬ್ಬದ ಊಟಕ್ಕೆ ಹೋದಾಗ ಆ ಮನೆಯಾಕೆ ಎಲ್ಲರೆದುರು ಶುರು ಮಾಡಿದಳು. "ಏನ್ರೀ, ನಮ್ಮ ಪಿಟೀಲಮ್ಮ ಈಗ ಲಂಗ ಹಾಕ್ಕೊಂಡಿರೋ ಗಂಡಸರ ಜೊತೆ ಸೇರ್ಕೊಂಡಿದಾರಂತೆ!"

"ಹೂಂ ಕಣ್ರೀ. ಲಂಗ ಹಾಕ್ಕೊಂಡ್ರೂ ಅವರು ತಾಳ ತಪ್ಪಲ್ಲ. ನೀವು ಈಗ ಮಂಗಳಾರತಿ ಹಾಡಿದ್ದು ಕೇಳಿದ್ನಲ್ಲ" ಎಂದೆ. ಆಮೇಲೆ ಆ ಮನೆಗೆ ಕರೆಯಲಿಲ್ಲ, ಬಿಡಿ.

ನಿಜ ಹೇಳುತ್ತೇನೆ, ನನಗೆ ಆ ಬ್ಯಾಂಡು ಬೇಕಾಗಿತ್ತು. ಎರಡು ವರ್ಷ ಪಿಟೀಲು ಅಪಾರ್ಟ್‌ಮೆಂಟಿನ ಕ್ಲಾಸೆಟ್ಟಿನಲ್ಲಿ ಸೂಟ್‌ಕೇಸುಗಳ ಹಿಂದೆ ಬಿದ್ದಿತ್ತು. ಗೋಡೆ ಆಚೆಯವರು ಬಡಿಯುತ್ತಾರೆ ಎಂದು ಗೆಜ್ಜೆಯಷ್ಟು ಸಣ್ಣ ಸದ್ದನ್ನೂ ಮಾಡದೆ ಬದುಕಿದ್ದೆ. ಈಗ ಐವತ್ತು ಜನ ನನ್ನ ಕಮಾನಿನ ಎಳೆತಕ್ಕೆ ನೆಲ ಅದುರುವ ಹಾಗೆ ಕುಣಿಯುತ್ತಿದ್ದರು. ಆ ಸಂತೋಷ ನನ್ನನ್ನು ಎಷ್ಟು ಕುರುಡು ಮಾಡಿತ್ತೆಂದು ಆಗ ಗೊತ್ತಿರಲಿಲ್ಲ.

ಮೊದಲನೇ ಸಲ ಆದದ್ದು ಏಪ್ರಿಲ್ ತಿಂಗಳ ಕುಣಿತದಲ್ಲಿ. ಐದನೇ ಸುತ್ತು. ಇದ್ದಕ್ಕಿದ್ದಂತೆ ತಾತನ ಬಲಗೈ ಮನೆಗಳ ಮೇಲೆ ಬೋರಲು ಬಿತ್ತು. ಬೆರಳುಗಳು ಯಾರದೋ ಕೈಯವೋ ಎಂಬಂತೆ ಸುಮ್ಮನೆ ಮಲಗಿದವು. ಎಡಗೈ ಮಾತ್ರ ಗಾಳಿ ಎಳೆಯುತ್ತಾ ಕೆಳಸ್ವರಗಳನ್ನು ಒತ್ತುತ್ತಲೇ ಇತ್ತು. ತಲೆಯೆತ್ತಿ ನೋಡಿದೆ. ಬಾಯಿಯ ಬಲ ಮೂಲೆ ಇಳಿದಿತ್ತು. ಕಣ್ಣು ನನ್ನನ್ನೇ ನೋಡುತ್ತಿತ್ತು, ತೀರಾ ಹೆದರಿದ ಕಣ್ಣು.

ನಾನು ಯೋಚಿಸಲೇ ಇಲ್ಲ. ನನಗೆ ಪಿಟೀಲು ಕಲಿಸಿದ ಮೇಷ್ಟ್ರು ಪಕ್ಕವಾದ್ಯದವರು, ಜೀವಮಾನವಿಡೀ ಹಾಡುಗಾರರ ಪಕ್ಕದಲ್ಲಿ ಕೂತವರು. ಹಾಡುವವರು ಒಂದು ಆವರ್ತ ಬಿಟ್ಟರೆ ನೀನೂ ಬಿಡು, ಅವರಿಗೆ ಸ್ವರ ಮರೆತರೆ ನೀನು ಎತ್ತಿಕೋ, ಸಭೆಗೆ ಮಾತ್ರ ಗೊತ್ತಾಗಬಾರದು ಎಂದು ನನ್ನ ಬೆರಳಿಗೆ ಹೊಡೆದು ಹೊಡೆದು ಕಲಿಸಿದ್ದರು. ನನ್ನ ಕಮಾನು ತಾನಾಗಿಯೇ ಒತ್ತಿತು. ಅಕಾರ್ಡಿಯನ್ನಿನ ಹಾಡು ಹೋದ ಜಾಗವನ್ನು ಪಿಟೀಲು ತುಂಬಿಕೊಂಡಿತು. ಮಟ್ಟು ಬದಲಾಗುವ ಹೊತ್ತು ಬಂತು, ತಾತನ ಬಾಯಿಂದ ಸದ್ದು ಹೊರಡಲಿಲ್ಲ. ನಾನೇ "ಹಪ್!" ಎಂದು ಕೂಗಿದೆ. ಹೆಂಗಸಿನ ದನಿ ಕೇಳಿ ಕುಣಿಯುವವರು ಹೋ ಎಂದು ನಕ್ಕರು, ಅಜ್ಜಿಯ ಭುಜಗಳೂ ನಗುವಿಗೆ ಕುಲುಕಿದವು. ಎರಡು ಸುತ್ತಿನ ಮೇಲೆ ತಾತನ ಬೆರಳು ಅಲುಗಿದವು, ಕೈ ಮತ್ತೆ ಹಾಡು ಹಿಡಿಯಿತು. ಕುಣಿತ ಮುಗಿದು ಚಪ್ಪಾಳೆ ಬಿತ್ತು.

"ಕೈ ಜೋಮು ಹಿಡಿದಿತ್ತು" ಎಂದರು ತಾತ ಆಮೇಲೆ.

"ಬಾಯಿಯೂ ಜೋಮು ಹಿಡಿಯುತ್ತಾ? ಡಾಕ್ಟರಿಗೆ ತೋರಿಸಿ ಸರ್."

"ತೋರಿಸೋಣ, ತೋರಿಸೋಣ."

ತೋರಿಸಲಿಲ್ಲ. ಆಗಸ್ಟ್‌ನಲ್ಲಿ ಒಂದು ಭಾನುವಾರ ಸ್ಯಾನ್ ಮಟಿಯೋದ ಅವರ ಮನೆಯಲ್ಲಿ ಅಭ್ಯಾಸ ಮಾಡುತ್ತಿದ್ದಾಗ ಮತ್ತೆ ಹಾಗೇ ಆಯಿತು. ಅದೇ ಬಲಗೈ, ಅದೇ ಇಳಿದ ಬಾಯಿ. ಅಜ್ಜಿ ಅಲ್ಲೇ ನಾಲ್ಕು ಮಾರು ದೂರದಲ್ಲಿ ಗೋಡೆಯ ಕಡೆ ಮುಖ ಮಾಡಿ ನುಡಿಸುತ್ತಿದ್ದರು. ನಾನು ಕಮಾನು ನಿಲ್ಲಿಸಿದ್ದರೆ ಸಾಕಿತ್ತು. ಹಾಡು ನಿಂತಿದ್ದರೆ ಅಜ್ಜಿ ತಿರುಗುತ್ತಿದ್ದರು, ತಿರುಗಿದ್ದರೆ ಕಾಣುತ್ತಿತ್ತು. ನಾನು ನಿಲ್ಲಿಸಲಿಲ್ಲ. ತಾತನ ಕಣ್ಣು ಬೇಡ ಬೇಡ ಎನ್ನುತ್ತಿತ್ತು, ನಾನು ಎರಡು ನಿಮಿಷ ಇನ್ನೂ ಜೋರಾಗಿ ನುಡಿಸಿದೆ.

ಆ ದಿನ ಹೊರಡುವಾಗ ತಾತ ಗರಾಜಿನಲ್ಲಿ ನನ್ನ ಕೈ ಹಿಡಿದುಕೊಂಡರು.

"ಅವಳಿಗೆ ಹೇಳಬೇಡ. ಹೇಳಿದ್ರೆ ಅಕಾರ್ಡಿಯನ್ನೂ ಹೋಗುತ್ತೆ, ಕಾರಿನ ಕೀನೂ ಹೋಗುತ್ತೆ. ಕಿಟಕಿ ಪಕ್ಕ ಕೂರಿಸಿಬಿಡ್ತಾಳೆ."

"ಸರ್, ನಾನು ದಿನಾ ಇಂಥವರ ರಕ್ತ ತೆಗೀತೀನಿ. ಇದು ಮುಂದೆ ಬರೋ ದೊಡ್ಡದಕ್ಕೆ ಮುನ್ಸೂಚನೆ. ನಿಮಗೆ ಪಾರ್ಶ್ವವಾಯು ಹೊಡೆಯುತ್ತೆ."

"ನವೆಂಬರ್ ತನಕ ತಡಿ. ಬ್ಯಾಂಡಿಗೆ ಮೂವತ್ತು ತುಂಬುತ್ತೆ. ಆ ಕುಣಿತ ಒಂದಾಗಲಿ, ಆಮೇಲೆ ನಾನೇ ಹೇಳ್ತೀನಿ. ನನ್ನ ಮಾನ ಕಾಪಾಡಮ್ಮ."

ಆ ಮಾತಿಗೆ ನಾನು ಕರಗಿಹೋದೆ. ಆಯಿತು ಎಂದೆ. ಅದರ ಹಿಂದೆ ನನ್ನ ಸ್ವಾರ್ಥವೂ ಇತ್ತು, ಮುಚ್ಚಿಡುವುದಿಲ್ಲ. ತಾತ ನಿಲ್ಲಿಸಿದರೆ ಬ್ಯಾಂಡು ನಿಲ್ಲುತ್ತದೆ, ಬ್ಯಾಂಡು ನಿಂತರೆ ನನ್ನ ಪಿಟೀಲು ಮತ್ತೆ ಸೂಟ್‌ಕೇಸಿನ ಹಿಂದಕ್ಕೆ. ಇದು ನನಗೆ ಆ ಗರಾಜಿನಲ್ಲೇ ಹೊಳೆದಿತ್ತು.

ಮನೆಗೆ ಬಂದು ಯಜಮಾನರಿಗೆ ಹೇಳಿದೆ. ಅವರು ಊಟದ ತಟ್ಟೆ ಪಕ್ಕಕ್ಕೆ ಸರಿಸಿದರು.

"ನಾಳೆನೇ ಫೋನ್ ಮಾಡಿ ಆಯಮ್ಮಂಗೆ ಹೇಳೇ. ನಿಂಗೆ ತಲೆ ಕೆಟ್ಟಿದ್ಯಾ?"

"ಮಾತು ಕೊಟ್ಟಿದ್ದೀನಿ ರೀ."

"ಮಾತು! ಊರವರ ವಿಷಯಕ್ಕೆಲ್ಲ ಮೂಗು ತೂರಿಸ್ತೀಯ, ಈಗ ಬಾಯಿ ಬಿಡು ಅಂದ್ರೆ ಮಾತು ಅಂತೀಯ. ಕೊಡು, ನಾನು ಮಾಡ್ತೀನಿ ಫೋನು."

"ನೀವು ಸುಮ್ನಿರ್ರೀ. ಸಂಗೀತದ ವಿಷಯ ನಿಮಗೇನು ಗೊತ್ತಾಗುತ್ತೆ?"

ಅವರು ತಟ್ಟೆ ಮತ್ತೆ ಮುಂದಕ್ಕೆ ಎಳೆದುಕೊಂಡರು. ನನ್ನ ಜೊತೆ ವಾದ ಮಾಡಿ ಗೆದ್ದವರಲ್ಲ ಅವರು. ಅವತ್ತೊಂದು ದಿನ ಗೆದ್ದಿದ್ದರೆ ಎಷ್ಟು ಚೆನ್ನಾಗಿತ್ತು.

ನವೆಂಬರ್ ಬಂತು. ಹಾಲಿಗೆ ಬಣ್ಣದ ಕಾಗದ ಕಟ್ಟಿದ್ದರು, ಊರೂರಿನಿಂದ ಹಳೆಯ ಕುಣಿತದವರು ಬಂದಿದ್ದರು. ತಾತ ಚೌಕಳಿ ಲಂಗ ಉಟ್ಟು, ಗಡ್ಡ ನುಣ್ಣಗೆ ಬೋಳಿಸಿಕೊಂಡು ಮದುವಣಿಗನ ಹಾಗಿದ್ದರು. ನಾನು ಮೈಸೂರು ಸಿಲ್ಕ್ ಉಟ್ಟು ಹೋಗಿದ್ದೆ. ಸೋಮವಾರ ಅಜ್ಜಿಗೆ ಹೇಳಲೇಬೇಕು, ತಾತ ಹೇಳದಿದ್ದರೆ ನಾನೇ ಹೇಳಬೇಕು ಎಂದು ಕಾರಿನಲ್ಲಿ ದಾರಿಯುದ್ದಕ್ಕೂ ಅಂದುಕೊಳ್ಳುತ್ತಾ ಬಂದಿದ್ದೆ.

ಎಂಟು ಸುತ್ತಿನ ಕುಣಿತ ಶುರುವಾಯಿತು. ಹಾಲಿನ ತುಂಬ ಎಂಟೆಂಟು ಜನರ ಐದಾರು ಗುಂಪು. ಎರಡನೇ ಸುತ್ತಿನ ಅರ್ಧದಲ್ಲಿ ತಾತನ ಬಲಗೈ ಬಿತ್ತು. ಮನೆಗಳ ಮೇಲೆ ಅಲ್ಲ, ಪೂರ್ತಿ ಜಾರಿ ನನ್ನ ಮಗ್ಗುಲಿಗೆ ತೂಗಿತು. ಹಾಡು ನಾನು ಎತ್ತಿಕೊಂಡೆ. ಎಡಗೈ ನಡೆಯುತ್ತಿದೆಯಲ್ಲ, ಎರಡು ನಿಮಿಷ, ಆಮೇಲೆ ಸರಿಹೋಗುತ್ತದೆ, ಹೋದ ಸಲ ಹೋಗಲಿಲ್ಲವೇ ಎಂದುಕೊಂಡೆ.

ಮೂರನೇ ಸುತ್ತು, ನಾಲ್ಕನೇ ಸುತ್ತು. "ಹಪ್!" ಎಂದು ಕೂಗಿದೆ. ಜನ ನಕ್ಕರು, ಅದು ಈಗ ಹಳೇ ತಮಾಷೆ. ಐದನೇ ಸುತ್ತಿನಲ್ಲಿ ಎಡಗೈಯೂ ನಿಧಾನವಾಯಿತು, ಗಾಳಿಯ ತಿದಿ ಅರ್ಧ ತೆರೆದು ಹಾಗೇ ನಿಂತಿತು. ತಾತನ ತಲೆ ಅಕಾರ್ಡಿಯನ್ನಿನ ಮೇಲೆ ಬಾಗಿತು, ಆ ಭಾರವೆಲ್ಲ ನನ್ನ ಕಡೆಗೆ ಓಲಿತು. ನಾನು ಭುಜ ಕೊಟ್ಟು ತಡೆದೆ. ಹಿಂದಿದ್ದ ಡ್ರಮ್ಮಿನವರಿಗೆ ವಾದ್ಯದ ಮೇಲೆ ಬಾಗಿದ ಬೆನ್ನು ಮಾತ್ರ ಕಂಡಿರಬೇಕು. ಭುಜದಿಂದ ಅವರನ್ನು ತಡೆಯುತ್ತಾ, ಕಮಾನನ್ನು ಎರಡು ತಂತಿಯ ಮೇಲೆ ಒತ್ತಿ ಅಕಾರ್ಡಿಯನ್ನಿನ ಕೆಳಸ್ವರವನ್ನೂ ನಾನೇ ನುಡಿಸಿದೆ. ನನ್ನ ಇಡೀ ಜೀವನದಲ್ಲಿ ಅಷ್ಟು ಚೆನ್ನಾಗಿ ನುಡಿಸಿಲ್ಲ. ಎದುರಿಗಿನ ಗುಂಪಿನ ನಡುವೆ ಆಗ ಒಬ್ಬ ಮುದುಕಿ ಬಂದು ನಿಂತಿದ್ದಳು, ಎಪ್ಪತ್ತೈದಾದರೂ ಆಗಿರಬೇಕು, ಕಣ್ಣುಮುಚ್ಚಿ ನಗುತ್ತಾ ಕುಣಿಯುತ್ತಿದ್ದಳು. ಆರನೆಯದು. ಇನ್ನೆರಡು. ಇನ್ನೆರಡೇ ಎಂದು ಲೆಕ್ಕ ಹಾಕಿದೆ. ದೇವರಾಣೆ, ಆ ಹೊತ್ತಿನಲ್ಲಿ ನನ್ನ ತಲೆಯಲ್ಲಿ ಇದ್ದದ್ದು ಆ ಲೆಕ್ಕ ಮಾತ್ರ. ಬಾಯಿಬಿಟ್ಟು "ನಿಲ್ಲಿಸಿ" ಎಂದು ಕಿರುಚಬಹುದಿತ್ತು. ಕಿರುಚುವುದು ನನಗೇನು ಹೊಸದೇ?

ಎಂಟು ಮುಗಿಯಿತು. ಕೊನೆಯ ಸ್ವರ ನಿಂತ ಮೇಲೆ ನಾನು ಭುಜ ತೆಗೆದೆ, ತಾತ ಅಕಾರ್ಡಿಯನ್ ಸಮೇತ ನನ್ನ ಮಣೆಯ ಮೇಲೆ ಉರುಳಿದರು. ಜನ ಆಗಲೇ ಚಪ್ಪಾಳೆ ತಟ್ಟುತ್ತಿದ್ದರು, ಇನ್ನೊಂದು ಸಲ, ಇನ್ನೊಂದು ಸಲ ಎಂದು ಕೂಗುತ್ತಿದ್ದರು. ಅಜ್ಜಿ ನಗುಮುಖದಲ್ಲೇ ಪಿಯಾನೊದಿಂದ ತಿರುಗಿದರು. ಆ ನಗು ಹೋಗುವುದಕ್ಕೆ ಒಂದು ಕ್ಷಣ ಹಿಡಿಯಿತು, ಅದನ್ನು ನಾನು ನೋಡಿದೆ.

ಆಸ್ಪತ್ರೆಯ ಕಾರಿಡಾರಿನಲ್ಲಿ ಡಾಕ್ಟರು ಅಜ್ಜಿಯನ್ನು ಕೇಳಿದರು. "ಇದಕ್ಕೆ ಮುಂಚೆ ಯಾವತ್ತಾದ್ರೂ ಕೈ ಸೋತಿತ್ತಾ? ಮಾತು ನಿಂತಿತ್ತಾ?"

"ಇಲ್ಲ, ಯಾವತ್ತೂ ಇಲ್ಲ. ಆಗಿದ್ರೆ ನನಗೆ ಗೊತ್ತಾಗ್ತಿತ್ತು" ಎಂದರು ಅಜ್ಜಿ.

"ಗೊತ್ತಾಗಿದ್ರೆ ಔಷಧಿ ಶುರು ಮಾಡಬಹುದಿತ್ತು" ಎಂದರು ಡಾಕ್ಟರು, ಯಾರನ್ನೂ ದೂರದೆ, ಸುಮ್ಮನೆ. ನಾನು ಎರಡು ಹೆಜ್ಜೆ ದೂರದಲ್ಲಿ ರೇಷ್ಮೆ ಸೀರೆಯ ಸೆರಗು ಹಿಂಡುತ್ತಾ ನಿಂತಿದ್ದೆ. ಆಗಲೂ ಬಾಯಿ ಬಿಡಲಿಲ್ಲ. ಅಜ್ಜಿ ನನ್ನ ಕೈ ಹಿಡಿದು, ನೀನು ಪಕ್ಕದಲ್ಲಿದ್ದೆ, ನೀನೇ ಹಿಡಿದುಕೊಂಡೆ, ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ ಎಂದರು. ನನಗೆ ನೆಲಕ್ಕಿಳಿದು ಹೋಗುವಷ್ಟು ನಾಚಿಕೆಯಾಯಿತು, ಆದರೂ ತಲೆಯಾಡಿಸಿದೆ.

ತಾತ ಬದುಕಿದರು. ಬಲಗೈ ಬಲಗಾಲು ಹೋದವು, ಮಾತು ಹೋಯಿತು. ಫೆಬ್ರವರಿಯಲ್ಲಿ ಅಜ್ಜಿ ಫೋನ್ ಮಾಡಿ ಭಾನುವಾರ ಬಾ ಎಂದರು. ಪಿಟೀಲು ಕೇಳಿದರೆ ತಾತನಿಗೆ ಹಿತವಾಗಬಹುದು ಎಂದುಕೊಂಡು ತೆಗೆದುಕೊಂಡು ಹೋದೆ. ತಾತನನ್ನು ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂರಿಸಿದ್ದರು. ನನ್ನನ್ನು ಕಂಡು ಎಡಗಡೆಯ ಮುಖ ನಕ್ಕಿತು. "ನೋ, ನೋ, ನೋ" ಎಂದರು.

"ಹೆದರಬೇಡ. ಉಳಿದಿರೋದು ಅದೊಂದೇ ಮಾತು. ಹೌದು ಅನ್ನೋಕೂ ಅದೇ, ಬೇಡ ಅನ್ನೋಕೂ ಅದೇ" ಎಂದರು ಅಜ್ಜಿ. "ಟೀ ಬೇಕಾ?" ಎಂದು ಅವರನ್ನು ಕೇಳಿದರು. "ನೋ" ಎಂದರು ತಾತ. ಅಜ್ಜಿ ಅವರ ಮುಖ ನೋಡಿ ಲೋಟ ಹಿಡಿದರು, ತಾತ ಗಟಗಟ ಕುಡಿದರು. ಗದ್ದದ ಮೇಲೆ ಇಳಿದದ್ದನ್ನು ಅಜ್ಜಿ ಟವೆಲಿನಿಂದ ಒರೆಸಿದರು.

ನಾನು ಪೆಟ್ಟಿಗೆ ಬಿಚ್ಚಲು ಹೋದೆ.

"ಅದು ಆಮೇಲೆ. ಮೊದಲು ಇದನ್ನ ಕೇಳು" ಎಂದರು ಅಜ್ಜಿ. ಕುಣಿತಕ್ಕೆ ಬರುವ ಒಬ್ಬರು ಪ್ರತಿ ತಿಂಗಳೂ ವೇದಿಕೆಯ ಅಂಚಿನಲ್ಲಿ ಟೇಪ್ ರೆಕಾರ್ಡರ್ ಇಡುತ್ತಿದ್ದರಂತೆ. ತಾತನಿಗೆ ಕೇಳಿಸಲೆಂದು ಕ್ಯಾಸೆಟ್ಟುಗಳನ್ನೆಲ್ಲ ತಂದುಕೊಟ್ಟಿದ್ದರು. ಅಜ್ಜಿ ಒಂದನ್ನು ಹಾಕಿ ಗುಂಡಿ ಒತ್ತಿದರು. ಮೇಲೆ ಪೆನ್ಸಿಲಿನಲ್ಲಿ ಏಪ್ರಿಲ್ ಎಂದು ಬರೆದಿತ್ತು.

ಅಕಾರ್ಡಿಯನ್ನು, ಪಿಯಾನೊ, ನೆಲದ ಮೇಲಿನ ಕಾಲುಗಳ ಸದ್ದು. ಐದನೇ ಸುತ್ತಿಗೆ ಬಂತು. ಅಕಾರ್ಡಿಯನ್ನಿನ ಹಾಡು ಕತ್ತರಿಸಿದಂತೆ ನಿಂತು ನನ್ನ ಪಿಟೀಲು ಮೇಲೆದ್ದಿತು. ಹಾಲಿನಲ್ಲಿ ಯಾರಿಗೂ ಗೊತ್ತಾಗದ್ದು ಟೇಪಿನಲ್ಲಿ ಬಿಸಿಲಿನಷ್ಟು ಸ್ಪಷ್ಟವಾಗಿತ್ತು. ನನ್ನ ದನಿ "ಹಪ್!" ಎಂದು ಕೂಗಿತು, ಜನ ನಕ್ಕರು, ಆ ನಗುವಿನಲ್ಲಿ ಅಜ್ಜಿಯ ನಗುವೂ ಕೇಳಿಸಿತು. ಅಜ್ಜಿ ಟೇಪು ನಿಲ್ಲಿಸಿದರು.

"ಹತ್ತು ಸಲ ಕೇಳಿದೆ. ನನ್ನ ಕಿವಿ ಅವರ ಕೈಮೇಲಿದೆ ಅಂದ್ಕೊಂಡಿದ್ದೆ. ನಾನು ಕೇಳ್ತಿದ್ದದ್ದು ನಿನ್ನನ್ನ." ದನಿ ಏರಿಸಲಿಲ್ಲ. "ಎಷ್ಟು ಸಲ ಹೀಗಾಗಿತ್ತು?"

"ಎರಡು" ಎಂದೆ. "ಏಪ್ರಿಲ್‌ನಲ್ಲಿ. ಆಮೇಲೆ ಆಗಸ್ಟ್‌ನಲ್ಲಿ, ಈ ರೂಮಲ್ಲೇ."

"ಈ ರೂಮಲ್ಲಿ." ಅಜ್ಜಿ ಪಿಯಾನೊ ಕಡೆ ನೋಡಿದರು. "ನಾನು ಅಲ್ಲಿ ಕೂತಿದ್ದಾಗ."

"ಹೂಂ."

"ಲ್ಯಾಬಿನಲ್ಲಿ ಕೆಲಸ ಮಾಡೋಳು ನೀನು. ಇದೇನು ಅಂತ ನಿನಗೆ ಗೊತ್ತಿತ್ತು."

"ಗೊತ್ತಿತ್ತು."

"ಮತ್ಯಾಕೆ ಹೇಳಲಿಲ್ಲ?"

ನಾನು ತಾತನ ಕಡೆ ನೋಡಿದೆ. ಅವರು ನಮ್ಮಿಬ್ಬರನ್ನೂ ನೋಡುತ್ತಿದ್ದರು, ಎಲ್ಲ ಅರ್ಥವಾಗುತ್ತಿತ್ತು ಅವರಿಗೆ. ಸುಮ್ಮನಿರಬಹುದಿತ್ತು. ತಪ್ಪು ನನ್ನದು ಎಂದು ಕಾಲಿಗೆ ಬೀಳಬಹುದಿತ್ತು. ಹೇಗಾದರೂ ಆ ಮನೆಯಿಂದ ಪಾರಾಗಬೇಕೆನಿಸಿತು.

"ಅವರೇ ಹೇಳಬೇಡ ಅಂದ್ರು" ಎಂದೆ. "ಗರಾಜಿನಲ್ಲಿ ಕೈ ಹಿಡ್ಕೊಂಡು ಕೇಳಿದ್ರು. ನವೆಂಬರ್ ಆದ್ಮೇಲೆ ಅವರೇ ಹೇಳ್ತೀನಿ ಅಂದ್ರು."

ಹೇಳಿದ ಕೂಡಲೇ ಮಾತು ವಾಪಸ್ಸು ತೆಗೆದುಕೊಳ್ಳಬೇಕೆನಿಸಿತು. ಅಜ್ಜಿ ತಾತನ ಕಡೆ ತಿರುಗಿದರು.

"ನಿಜಾನಾ? ನನ್ನಿಂದ ಮುಚ್ಚಿಡು ಅಂತ ಇವಳಿಗೆ ನೀನು ಹೇಳಿದ್ಯಾ?"

"ನೋ" ಎಂದರು ತಾತ. ಎಡಗೈ ಎತ್ತಿ ನನ್ನ ಕಡೆ ಚಾಚಿದರು, ಅಜ್ಜಿಯ ಕಡೆ ಚಾಚಿದರು, ತಮ್ಮ ಎದೆಗೆ ಬಡಿದುಕೊಂಡರು. ಕಣ್ಣಿಂದ ನೀರಿಳಿಯುತ್ತಿತ್ತು. "ನೋ, ನೋ, ನೋ."

ಅಜ್ಜಿ ಅಷ್ಟು ಹೊತ್ತಿಗೆ ಅವರ ಮುಖದಿಂದ ಕಣ್ಣು ತೆಗೆದು ನನ್ನನ್ನು ನೋಡುತ್ತಿದ್ದರು.

"ಕೇಳಿಸ್ತಲ್ಲ" ಎಂದರು. "ಇಲ್ಲ ಅಂತಿದ್ದಾರೆ."